ಅರ್ಧ ಕಿಲೊ ಟೊಮ್ಯಾಟೊ, ಮೇಲೊಂದಿಷ್ಟು ಕೊಸರು

ಆ ಊರಿನ ಹೆಸರನ್ನು ನಾವು ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಉಳಿಯುತ್ತಿತ್ತು. ಊರ ಅಗಸೆಬಾಗಿಲಿನ ಕಲ್ಲಿನ ಮೇಲೆ ಅಂಗೈಯಗಲದ ಅಕ್ಷರಗಳಲ್ಲಿ ಕೆತ್ತಿದ್ದರು, ನಾನು ಕೂಡಿಸಿ ಕೂಡಿಸಿ ಓದಿಯೂ ಇದ್ದೆ. ಗದಗಿಗೆ ಬಂದು ಇಳಿಯುವ ಹೊತ್ತಿಗೆ ತಲೆಯಲ್ಲಿ ಆ ಜಾಗ ತೊಳೆದು ಕವುಚಿದ ತಾಟಿನಂತೆ ಖಾಲಿ. ಇಟಲಿಯಲ್ಲಿದೆ, ಬೆಟ್ಟದ ನೆತ್ತಿಯ ಮೇಲಿದೆ, ನಡುವೆ ಕಲ್ಲುಹಾಸಿನ ಚೌಕವಿದೆ, ಚೌಕದಲ್ಲಿ ಸಂತೆ ಇದೆ, ಇಷ್ಟು ಗೊತ್ತು. ನಕಾಶೆಯಲ್ಲಿ ಹುಡುಕಿದೆ, ಸಿಗಲಿಲ್ಲ. ಸಿಗದಿದ್ದರೆ ಬಿಡಲಿ.

ನಾನು ದಾಕ್ಷಾಯಣಿ. ನಮ್ಮವರು ಮುರಿಗೆಯ್ಯ, ರೈಲ್ವೆಯಲ್ಲಿ ಮೂವತ್ತಾರು ವರ್ಷ ಹಸಿರು ಬಾವುಟ, ಕೆಂಪು ಬಾವುಟ ಹಿಡಿದು ನಿಂತವರು. ನಿವೃತ್ತಿಯ ದಿನ ಬಾವುಟಗಳನ್ನು ವಾಪಸು ಕೊಟ್ಟು ಬಂದರು, ಚಟವನ್ನು ಮಾತ್ರ ಮನೆಯಲ್ಲಿಟ್ಟುಕೊಂಡರು. ಹುಬ್ಬು ಏರಿಸಿದರೆ ಚಹಾ. ಬೆರಳು ಲೋಟದ ಕಡೆ ತಿರುಗಿದರೆ ನೀರು. ಒಮ್ಮೆ ಕೆಮ್ಮಿದರೆ ಊಟಕ್ಕೆ ಬಡಿಸು, ಎರಡು ಸಲ ಕೆಮ್ಮಿದರೆ ಪಲ್ಯಕ್ಕೆ ಉಪ್ಪು ಕಡಿಮೆ. ಮೂವತ್ತನಾಲ್ಕು ವರ್ಷ ನಾನು ಆ ಸಿಗ್ನಲ್ ನೋಡಿ ಓಡಿದ ಗಾಡಿ. ಕುಡಿಯಲಿಲ್ಲ, ಹೊಡೆಯಲಿಲ್ಲ, ಬೈಯಲಿಲ್ಲ. ಬೈಯಲಿಕ್ಕೂ ಬಾಯಿ ಬಿಡಬೇಕಲ್ಲ! ಓಣಿಯವರೆಲ್ಲ "ನಿಮ್ಮವರು ಎಷ್ಟು ತಂಪು ಮನಿಷ್ಯಾ ಬಿಡ್ರಿ" ಎನ್ನುತ್ತಿದ್ದರು. ತಂಪಿನಲ್ಲಿ ಕೂತವರಿಗಲ್ಲವೇ ಥಂಡಿ ಗೊತ್ತು.

ಮಗಳು ಮದುವೆಯಾಗಿ ಹೋದ ಮೇಲೆ ನಮ್ಮ ಮನೆಯಲ್ಲಿ ಮಾತು ಎಂದರೆ ಕುಕ್ಕರಿನ ಸೀಟಿ ಒಂದೇ. ಒಂದು ದಿನ ನಾನು ಇಳಕಲ್ಲಿನ ತಂಗಿ ನೀಲಾಂಬಿಕೆಗೆ ಫೋನ್ ಮಾಡಿ ಅವಳ ಮನೆಯ ಮೇಲಿನ ಖೋಲಿ ಕೊಡುತ್ತೀಯಾ ಎಂದು ಕೇಳಿದೆ. ಬದುಕಿನಲ್ಲಿ ನಾನು ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ. ಅವಳು ಮರುವಾರವೇ ಕೀಲಿಕೈಗೆ, ತನ್ನ ಮನೆಯ ಕೀಲಿಗಳಿಗೆಲ್ಲ ಕಟ್ಟುವ ಕೆಂಪು ದಾರ ಕಟ್ಟಿ ಕಳಿಸಿದಳು. ನಿವೃತ್ತ ನೌಕರರ ಸಂಘದ ಪರದೇಶ ಪ್ರವಾಸಕ್ಕೆ ಹೆಸರು ಮೊದಲೇ ಕೊಟ್ಟಾಗಿತ್ತು. ಪ್ರವಾಸ ಮುಗಿಸಿ ಬಂದು, ಬಟ್ಟೆ ಒಗೆದು ಮಡಿಚಿಟ್ಟು, ಇಳಕಲ್ಲಿಗೆ ಹೋಗುವುದು, ಮತ್ತೆ ತಿರುಗಿ ಬರುವುದಿಲ್ಲ ಎಂದು ನಿಶ್ಚಯ ಮಾಡಿದ್ದೆ. ಕೀಲಿಕೈ ನನ್ನ ಕೈಚೀಲದ ತಳದಲ್ಲಿತ್ತು.

ಆ ಊರಿನಲ್ಲಿ ನಮ್ಮ ಬಸ್ಸು ಚಹಾಕ್ಕೆಂದು ಹತ್ತು ನಿಮಿಷ ನಿಂತಿತ್ತು. ಚೌಕದ ಮೆಟ್ಟಿಲು ಇಳಿಯುವಾಗ ನನ್ನ ಬಲಗಾಲು ಒಂದು ಕಡೆ ಹೋಯಿತು, ನಾನು ಒಂದು ಕಡೆ ಹೋದೆ. ಹಿಮ್ಮಡದ ಮೇಲೆ ಎಲುಬು ಬಿರುಕು ಬಿಟ್ಟಿತ್ತು. ಅಲ್ಲಿನ ವೈದ್ಯರು ಮೊಳಕಾಲಿನವರೆಗೆ ಪ್ಲಾಸ್ಟರ್ ಹಾಕಿ, ಇಪ್ಪತ್ತೊಂದು ದಿನ ನೆಲಕ್ಕೆ ಕಾಲು ಊರಕೂಡದು ಎಂದರು. ಪ್ರವಾಸದ ಮ್ಯಾನೇಜರ್ ಪ್ರಮೋದ ಎಂಬ ಹುಬ್ಬಳ್ಳಿಯವನು ಅಲ್ಲಿಯೇ ಒಂದು ಖೋಲಿ ಗೊತ್ತು ಮಾಡಿದ. "ಕಾಕು, ನೀವು ಕಾಕಾ ಇಲ್ಲೇ ಆರಾಮ ಇರ್ರಿ. ಪ್ಲಾಸ್ಟರ್ ಬಿಚ್ಚಿದ ಮ್ಯಾಲೆ ನಾನ ಕಾರ್ ಕಳಸ್ತೀನಿ" ಎಂದು ಹೇಳಿ, ಒಂದು ಹಾಳೆಯಲ್ಲಿ ಅಂಗಡಿಗೆ ಬೇಕಾದ ಇಟಾಲಿಯನ್ ಮಾತುಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟ. ಬಸ್ಸು ಹೋಯಿತು. ಖೋಲಿಯ ಒಡತಿ ಒರ್ಸೋಲಾ, ನನ್ನದೇ ವಯಸ್ಸಿನ ವಿಧವೆ, ಕೆಳಗಿನ ಮನೆಯಲ್ಲಿ ಇರುತ್ತಿದ್ದಳು. ನಮ್ಮದು ಮೂರನೇ ಅಂತಸ್ತು, ಕಿಟಕಿ ನೇರ ಸಂತೆಯ ಚೌಕಕ್ಕೆ.

ಮೊದಲ ದಿನ ಇವರು ಚೀಲ ಹಿಡಿದು ಸಂತೆಗೆ ಹೋದರು. ಹಾಳೆಯನ್ನು ಮಡಿಚಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದರು, ಬಿಚ್ಚಲಿಲ್ಲ. ನಾನು ಮಂಚದ ಮೇಲಿಂದಲೇ ಕಿಟಕಿಯಲ್ಲಿ ನೋಡುತ್ತಿದ್ದೆ. ಟೊಮ್ಯಾಟೊ ಕಡೆ ಬೆರಳು, ಉಳ್ಳಾಗಡ್ಡಿ ಕಡೆ ಬೆರಳು, ಬ್ರೆಡ್ಡಿನ ಕಡೆ ಬೆರಳು. ಕಾಯಿಪಲ್ಲೆಯ ಹೆಂಗಸು ಎಲ್ಲವನ್ನೂ ಕೊಟ್ಟಳು, ಆದರೆ ಮುಖ ಮಾತ್ರ ಅಯ್ಯೋ ಪಾಪ ಎನ್ನುವ ಹಾಗಿತ್ತು. ತುಂಬಿದ ಚೀಲ ಹೆಗಲಿಗೆ ಹಾಕಿಕೊಂಡು ಇವರು ಚೌಕ ದಾಟಿದರು, ಮೆಟ್ಟಿಲು ಹತ್ತಿದರು, ಒಳಗೆ ಬಂದು ಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿದರು. ಒಂದು ಉಳ್ಳಾಗಡ್ಡಿ ಸಿಪ್ಪೆ ಬಿತ್ತು. ಅದೂ ಬಾಗಿಲ ಸಂದಿಯಿಂದ ತೇಲಿ ಹೊರಟುಹೋಯಿತು.

ಎರಡನೇ ದಿನವೂ ಹಾಗೇ. ಮೂರನೇ ದಿನ ನಾನು ಕಿಟಕಿಗೆ ಕಣ್ಣು ಕೀಲಿಸಿ ಕೂತೆ. ಇವರು ಮೆಟ್ಟಿಲು ಹತ್ತುವಾಗ ಇವರ ಚೀಲದಿಂದ ಟೊಮ್ಯಾಟೊಗಳು ಒಂದೊಂದಾಗಿ ಇಳಿದು, ಚೌಕದ ಏರಿನ ಮೇಲೆ ಸಾಲಾಗಿ ಉರುಳುತ್ತ ಅಂಗಡಿಗೆ ವಾಪಸು ಹೋಗುತ್ತಿದ್ದವು. ಊರಿನವರು ಯಾರೂ ತಿರುಗಿ ಸಹ ನೋಡಲಿಲ್ಲ. ನಮ್ಮಲ್ಲಿ ಎಮ್ಮೆಗೆ ದಾರಿ ಬಿಡುವ ಹಾಗೆ ಕಾಲು ಎತ್ತಿ ದಾರಿ ಬಿಟ್ಟರು, ಅಷ್ಟೆ.

ಒರ್ಸೋಲಾ ನನ್ನ ಮಂಚದ ಪಕ್ಕ ಕೂತು ಇಡೀ ಮಧ್ಯಾಹ್ನ ಕೈಬಾಯಿ ಮಾಡಿ ತಿಳಿಸಿದಳು. ಆ ಊರಿನಲ್ಲಿ ಬಾಯಿಬಿಟ್ಟು ಕೇಳಿದ್ದು ಮಾತ್ರ ಕೇಳಿದವರ ಹತ್ತಿರ ಉಳಿಯುತ್ತದೆ. ಕೇಳಿದ್ದು ಕೊಡುವವರಿಗೆ ತಿಳಿಯಬೇಕು, ಅವರ ಮುಖ ನೋಡಿ ಕೇಳಬೇಕು. ಅದಕ್ಕೇ ಅಲ್ಲಿ ಬಾಗಿಲಿಗೆ ಬೀಗವಿಲ್ಲ, ಕೇಳಿ ಕದಿಯುವ ಕಳ್ಳ ಎಲ್ಲಿ ಸಿಕ್ಕಾನು? ಹುಟ್ಟಿದ ಹಬ್ಬದ ದಿನ ಜನ ತಾವೇ ಮನೆಮನೆಗೆ ಹೋಗಿ ತಮಗೆ ಬೇಕಾದ ಉಡುಗೊರೆ ಕೇಳಿಕೊಂಡು ಬರುತ್ತಾರೆ. ಮಾತು ಬಾರದ ಒಬ್ಬ ಚಪ್ಪಲಿ ಹೊಲಿಯುವವನಿದ್ದ. ಅವನು ಕಾಯಿಪಲ್ಲೆಯವಳ ಮುಖ ನೋಡಿ, ಎರಡೂ ಕೈಯಿಂದ ಗಾಳಿಯಲ್ಲಿ ಬದನೆಕಾಯಿಯನ್ನು ತಿದ್ದಿ ತೀಡಿ ಕೇಳುತ್ತಿದ್ದ, ಅವನ ಬದನೆಕಾಯಿ ಅವನ ಹತ್ತಿರವೇ ಉಳಿಯುತ್ತಿತ್ತು. ಬೆರಳು ಮಾಡಿ ತೋರಿಸುವುದು ಬೇರೆ, ಕೇಳುವುದು ಬೇರೆ ಎಂದು ನಾನು ತಿಳಿದುಕೊಂಡೆ. ಅಳದ ಕೂಸಿಗೆ ತಾಯಿಯೂ ಹಾಲು ಕೊಡುವುದಿಲ್ಲ ಎಂದು ನಮ್ಮವರು ಗಾದೆ ಮಾಡಿ ಸುಮ್ಮನಾದರು, ಆ ಊರು ಅದನ್ನೇ ಕಾನೂನು ಮಾಡಿಕೊಂಡಿತ್ತು.

ಒರ್ಸೋಲಾ ಕಲಿಸಿದ ಹಾಗೆ ನಾನು "ತ್ಸುಪ್ಪಾ, ಪೆರ್ ಫವೋರೆ" ಎಂದೆ. ತ್ಸುಪ್ಪಾ ಎಂದರೆ ಅವರ ಬೇಳೆಕಟ್ಟಿನಂಥ ಸಾರು, ಪೆರ್ ಫವೋರೆ ಎಂದರೆ ದಯಮಾಡಿ. ಸಾರು ಬಂತು, ಬಾಯಿಗೆ ಹೋಯಿತು, ಹೊಟ್ಟೆಯಲ್ಲಿ ಉಳಿಯಿತು. ಅವಳು ಇವರಿಗೂ ಒಂದು ಬಟ್ಟಲು ಬಡಿಸಿ, ಕೇಳು ಎನ್ನುವ ಹಾಗೆ ಮುಖ ನೋಡಿದಳು. ಇವರು ಹುಬ್ಬು ಏರಿಸಿದರು. ಚಮಚ ತುಟಿ ಮುಟ್ಟುವಷ್ಟರಲ್ಲಿ ಸಾರು ಮತ್ತೆ ಪಾತ್ರೆಗೆ ಹೋಗಿತ್ತು.

ಇವರು ಎದ್ದು ಹೋಗಿ ನಮ್ಮ ರೊಟ್ಟಿ ಗಂಟು ಬಿಚ್ಚಿದರು. ಗದಗಿನಿಂದ ಕಟಕ ರೊಟ್ಟಿ, ಶೇಂಗಾ ಚಟ್ನಿ ತಂದಿದ್ದೆವು. ನಮ್ಮ ಕಡೆಯವರು ಸ್ವರ್ಗಕ್ಕೆ ಹೊರಟರೂ ಒಂದು ಗಂಟು ರೊಟ್ಟಿ ಕಟ್ಟಿಕೊಂಡೇ ಹೋಗುವುದು. ಅದು ನಮ್ಮದೇ ಆದ್ದರಿಂದ ಎಲ್ಲಿಗೂ ಓಡಿಹೋಗಲಿಲ್ಲ. ಆರು ದಿನ ಇವರು ಬೆಳಿಗ್ಗೆ ಒಂದು, ರಾತ್ರಿ ಒಂದು ರೊಟ್ಟಿ ಕಟಕಟ ಮುರಿದು ತಿಂದರು. ನಾನು ಒರ್ಸೋಲಾಳನ್ನು ಕೇಳಿ ಕೇಳಿ ಇಟ್ಟುಕೊಂಡ ಬ್ರೆಡ್ಡಿನಲ್ಲಿ ಅರ್ಧ ಮುರಿದು ಮುಂದೆ ಇಟ್ಟರೆ, ಕೇಳದೆ ಮುಟ್ಟಿದ ಕಾರಣ ಅದೂ ಜಾರಿ ನನ್ನ ತಾಟಿಗೇ ಬರುತ್ತಿತ್ತು. ಹಸಿವಿನಿಂದ ಇವರ ಅಂಗಿಯ ಕಾಲರು ಸಡಿಲಾಗುತ್ತಿತ್ತು. ಕೇಳಿದರೆ ಗಂಟೇನು ಹೋಗುತ್ತದೆ ಈ ಮನುಷ್ಯನದು ಎಂದು ನನಗೆ ಸಿಟ್ಟು ನೆತ್ತಿಗೇರುತ್ತಿತ್ತು.

ಒಂದು ಸಂಜೆ ಚಟ್ನಿ ಡಬ್ಬಿ ಹುಡುಕುತ್ತ ಇವರು ನನ್ನ ಕೈಚೀಲದಲ್ಲೂ ಕೈ ಹಾಕಿದ್ದರು. ಆಮೇಲೆ ನೋಡಿದರೆ ಕೀಲಿಕೈಯ ಕೆಂಪು ದಾರ ಹೊರಗೆ ಇಣುಕುತ್ತಿತ್ತು. ನೋಡಿದರೋ ಇಲ್ಲವೋ ತಿಳಿಯಲಿಲ್ಲ. ಹುಬ್ಬು ಎಲ್ಲಿತ್ತೋ ಅಲ್ಲೇ ಇತ್ತು. ನಾನು ದಾರವನ್ನು ಒಳಗೆ ತಳ್ಳಿದೆ.

ಗಂಟಿನಲ್ಲಿ ಎರಡೇ ರೊಟ್ಟಿ ಉಳಿದಾಗ ನಾನು ತಡೆಯದೆ ಶಾಲೆ ಶುರು ಮಾಡಿದೆ. ಸೆರಗನ್ನು ಕಾಯಿಪಲ್ಲೆಯ ನೆರೀನಾಳ ಹಾಗೆ ತಲೆಗೆ ಸುತ್ತಿದೆ. ಪ್ಲಾಸ್ಟರಿನ ಕಾಲನ್ನು ಕುರ್ಚಿಯ ಮೇಲೆ ಚಾಚಿ ಮೇಜಿನ ಹಿಂದೆ ಕೂತೆ, ಮೇಜಿನ ಮೇಲೆ ಸಾಬೂನು, ಬಾಚಣಿಕೆ, ನನ್ನ ಗುಳಿಗೆ ಡಬ್ಬಿ ಹರಡಿದೆ.

"ಬರ್ರಿ, ಸಂತಿಗೆ ಬರ್ರಿ. ಇದು ಟೊಮ್ಯಾಟೊ, ಇದು ಉಳ್ಳಾಗಡ್ಡಿ. ಮದಲ ಬೊಂಜೋರ್ನೊ ಅನ್ರಿ. ನಮಸ್ಕಾರ ಹೇಳದ ಈ ಊರಾಗ ಯಾರೂ ತಕ್ಕಡಿ ಮುಟ್ಟಂಗಿಲ್ಲ. ಆಮ್ಯಾಲೆ ವೊರ್ರೇಯಿ. ಅಂದ್ರ ಬೇಕಾಗಿತ್ತು. ಬೇಕು ಅಲ್ಲ, ಬೇಕಾಗಿತ್ತು. ನಾವು ಬಾಜೂ ಮನ್ಯಾಗ ಹೆಪ್ಪಿಗೆ ಮೊಸರು ಕೇಳಂಗಿಲ್ಲೇನು, ಹಂಗ."

ಇವರು ಮೇಜಿನ ಆ ಕಡೆ ಕೈಕಟ್ಟಿ ನಿಂತರು. ತುಟಿ ಅಲ್ಲಾಡಲಿಲ್ಲ. ಕೆಳಗೆ ಸಂತೆ ಕಟ್ಟುವ ಸದ್ದು ಕೇಳುತ್ತಿತ್ತು. ನಾನು ಐದು ನಿಮಿಷ ಕಾದೆ. ನಂತರ ನನ್ನ ಬಾಯಿಂದ ಮೂವತ್ತನಾಲ್ಕು ವರ್ಷದಲ್ಲಿ ಬಾರದ ಒಂದು ಮಾತು ಬಂತು. "ಯಾಕ್ರೀ? ಯಾಕ ಕೇಳಂಗಿಲ್ಲ ನೀವು?"

ನಾನು ಕೇಳಿದ್ದು ಸಿಟ್ಟಿಗೆ, ಉತ್ತರ ಬರುತ್ತದೆಂದು ಅಲ್ಲ. ಆದರೆ ಇವರು ಕುರ್ಚಿ ಎಳೆದುಕೊಂಡು ಕೂತರು. ಮಾತು ಹಳೆಯ ಬಾವಿಯ ಹಗ್ಗದಂತೆ ತಡೆತಡೆದು ಬಂತು.

"ಮಠದಾಗ ಓದಾಕ ಇದ್ನಲ್ಲ. ದಿನಾ ಮುಂಜಾನೆ ಜೋಳಗಿ ಹಾಕ್ಕೊಂಡು ಕೋರಾನ್ನಕ್ಕ ಹೋಗಬೇಕು. ಐದು ಮನಿ. ಭಿಕ್ಷಾ ನೀಡ್ರೆವ್ವಾ ಅಂತ ಕೂಗಬೇಕು. ಕೂಗದಿದ್ರ ಯಾರೂ ಹೊರಗ ಬರ್ತಿದ್ದಿಲ್ಲ. ನಾಕನೇ ಮನ್ಯಾಗ ನಮ್ಮ ಸಾಲಿ ಹುಡುಗಿ ಇದ್ಲು, ನನ್ನ ಕ್ಲಾಸಿನಾಕಿ. ಒಂದಿನ ಆಕಿ ಅವ್ವ ಒಳಗಿಂದ, ಯಾರದು ಬಾಗಲಾಗ ಅಂದ್ಲು. ಆಕಿ ನನ್ನ ಮಾರಿ ನೋಡಿ, ಯಾರಿಲ್ಲವ್ವ, ಬೇಡಾಂವ ಅಂದ್ಲು."

ಮೇಜಿನ ಮೇಲಿನ ಬಾಚಣಿಕೆಯನ್ನು ನೆಟ್ಟಗೆ ಇಟ್ಟು ಮತ್ತೆ ಹೇಳಿದರು. "ಅವತ್ತ ಅಂದ್ಕೊಂಡೆ. ನನ್ನ ಪಗಾರ ನನಗ ಬರಲಿ, ಮತ್ತ ಯಾರ ಮುಂದೂ ಬಾಯಿ ಬಿಡಂಗಿಲ್ಲ ಅಂತ. ನೌಕರಿ ಸಿಕ್ಕಾಗ ಕೈಯಾಗ ಬಾವುಟ ಕೊಟ್ರು. ಭಾಳ ಛಲೋ ಆತು."

ನಾನು ತಲೆಗೆ ಸುತ್ತಿದ ಸೆರಗು ಬಿಚ್ಚಿದೆ. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಸಿಟ್ಟು ಆ ಹುಡುಗಿಯ ಮೇಲೆ. ಅಳು ಮಾತ್ರ ನಮ್ಮಿಬ್ಬರ ಮೇಲೆ. ಮೂವತ್ತನಾಲ್ಕು ವರ್ಷ ಈ ಹುಬ್ಬಿಗೆ ಓಡಿದೆನೇ ಹೊರತು ಒಂದು ಸಲವಾದರೂ ಯಾಕೆ ಎಂದು ನಾನು ಕೇಳಿರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದರೋ ಏನೋ.

"ಆಕಿ ಹೆಸರೇನು?" ಎಂದೆ.

"ಮರತೀನಿ."

"ಸುಳ್ಳ ಹೇಳಬ್ಯಾಡ್ರಿ."

ಇವರ ಹಲ್ಲು ಕಂಡವು. ನಗು ಎಂದರೆ ನಗು. ಹೆಸರನ್ನು ಮಾತ್ರ ಹೇಳಲಿಲ್ಲ.

ಮರುದಿನ ಒರ್ಸೋಲಾ ಬಂದಾಗ ನಾನು ಇವರ ಕಥೆಯನ್ನು ಗೊತ್ತಿದ್ದ ಹದಿನೈದು ಇಟಾಲಿಯನ್ ಮಾತಿನಲ್ಲಿ, ಉಳಿದದ್ದು ಕೈಯಲ್ಲಿ ಹೇಳಿದೆ. ಜೋಳಿಗೆ ತೋರಿಸಲು ಒಂದು ದಿಂಬಿನ ಚೀಲವನ್ನು ಹೆಗಲಿಗೆ ಹಾಕಿಕೊಂಡೆ. ಅವಳು ಬೆರಗಾಗಿ ಎಲ್ಲ ಕೇಳಿಸಿಕೊಂಡಳು, ಆಮೇಲೆ ನಮ್ಮವರ ಕೈಹಿಡಿದು ಕಿಟಕಿಗೆ ಕರೆದೊಯ್ದಳು. ಕೆಳಗೆ ಬ್ರೆಡ್ಡಿನ ಅಂಗಡಿಯವನು ಬಾಗಿಲಲ್ಲಿ ಮಂಕಾಗಿ ನಿಂತಿದ್ದ. ಅವತ್ತು ಅವನನ್ನು ಯಾರೂ ಇನ್ನೂ ಏನೂ ಕೇಳಿರಲಿಲ್ಲ. ಅಷ್ಟರಲ್ಲಿ ಒಬ್ಬ ಮುದುಕಿ ಬಂದು ಏನೋ ಕೇಳಿದಳು. ಬ್ರೆಡ್ಡಿನವನ ಮುಖ ಅರಳಿತು, ಟೋಪಿ ತೆಗೆದು "ಗ್ರಾತ್ಸಿಯೆ" ಎಂದ. ಗ್ರಾತ್ಸಿಯೆ ಎಂದರೆ ಉಪಕಾರವಾಯಿತು. ಅಲ್ಲಿ ಕೊಟ್ಟವನು ಕೇಳಿದವರಿಗೆ ಹಾಗೆ ಹೇಳುತ್ತಾನೆ, ಕೇಳಿದವರು ಅವನ ಅಂಗಡಿಗೆ ಮರ್ಯಾದೆ ಕೊಟ್ಟರು ಎಂದು. ನಮ್ಮವರು ಕಿಟಕಿಯ ಚೌಕಟ್ಟಿಗೆ ಹಣೆ ಹಚ್ಚಿ ಬಹಳ ಹೊತ್ತು ನೋಡಿದರು.

ರೊಟ್ಟಿ ಮುಗಿದ ಬೆಳಿಗ್ಗೆ ಇವರು ಸ್ನಾನ ಮಾಡಿ, ವಿಭೂತಿ ಹಚ್ಚಿ, ಇಸ್ತ್ರಿ ಅಂಗಿ ತೊಟ್ಟು, ಹಾಳೆಯನ್ನು ಕೈಯಲ್ಲಿ ಹಿಡಿದು ಇಳಿದರು. ನಾನು ಕಿಟಕಿಯಲ್ಲಿ ಕೂತೆ. ನೆರೀನಾಳ ಮುಂದೆ ಹೋಗಿ ನಿಂತರು. ಬಲಗೈ ತಾನಾಗಿ ಎಡ ಹೆಗಲಿಗೆ ಹೋಗಿ, ಅಲ್ಲಿ ಇಲ್ಲದ ಜೋಳಿಗೆಯ ಪಟ್ಟಿಯನ್ನು ಹಿಡಿಯಿತು. ಒಂದು ಸಲ ಹಿಂದೆ ತಿರುಗಿದರು, ಬಂದುಬಿಡುತ್ತಾರೆ ಎಂದುಕೊಂಡೆ. ಆದರೆ ಮತ್ತೆ ಅವಳ ಕಡೆ ತಿರುಗಿದರು.

"ಬೊಂಜೋರ್ನೊ!"

ರೈಲ್ವೆಯವರ ದನಿ ಅದು, ಇಷ್ಟು ವರ್ಷ ಉಪಯೋಗಿಸದೆ ಹೊಸದಾಗಿಯೇ ಉಳಿದಿತ್ತು. ಇಡೀ ಚೌಕ ತಿರುಗಿ ನೋಡಿತು. "ವೊರ್ರೇಯಿ ಮೆದ್ಜೊ ಕಿಲೊ ದಿ ಪೊಮೊದೋರಿ, ಪೆರ್ ಫವೋರೆ!" ಅರ್ಧ ಕಿಲೊ ಟೊಮ್ಯಾಟೊ ಬೇಕಾಗಿತ್ತು, ದಯಮಾಡಿ. ಒಬ್ಬರೂ ನಗಲಿಲ್ಲ. ನೆರೀನಾ ಎರಡೂ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು, ಆರಿಸಿ ಆರಿಸಿ ಹಾಕಿ ತೂಗಿ, "ಗ್ರಾತ್ಸಿಯೆ, ಸಿಞೋರೆ" ಎಂದು ತಲೆ ಬಾಗಿಸಿದಳು. ಅವಳ ಪಾಲಿಗೆ ಇವರು ಬೇಡಾಂವ ಅಲ್ಲ, ಯಜಮಾನರು.

ಮೇಲೆ ಬಂದು ಟೊಮ್ಯಾಟೊಗಳನ್ನು ಒಂದೊಂದಾಗಿ ಮೇಜಿನ ಮೇಲೆ ಇಟ್ಟರು. ಏಳು ಇದ್ದವು. ಇಬ್ಬರೂ ಅವುಗಳ ಮುಂದೆ, ಪಂಜರದಿಂದ ಬಿಟ್ಟ ಗಿಳಿ ಹಾರುತ್ತದೋ ಕೂರುತ್ತದೋ ಎಂದು ನೋಡುವವರ ಹಾಗೆ ಕೂತೆವು. ಒಂದು ಅಲ್ಲಾಡಿತು. ಮೇಜು ಕುಂಟುತ್ತಿತ್ತು, ಅಷ್ಟೆ. ಯಾವುದೂ ಎಲ್ಲಿಗೂ ಹೋಗಲಿಲ್ಲ. ಅವತ್ತು ಮಾಡಿದ ಟೊಮ್ಯಾಟೊ ಸಾರಿನ ರುಚಿ ಈಗಲೂ ನನ್ನ ನಾಲಿಗೆಯ ಮೇಲಿದೆ.

ಆಮೇಲೆ ಇವರನ್ನು ಹಿಡಿಯುವವರೇ ಇಲ್ಲದಾಯಿತು. ದಿನಾ ಸಂಜೆ ನನ್ನ ಮೇಜಿನ ಮುಂದೆ ಪಾಠ, ದಿನಾ ಬೆಳಿಗ್ಗೆ ಪರೀಕ್ಷೆ. ನಾನು ನೆರೀನಾಳ ಹಾಗೆ "ಕ್ವಾಂತೊ?" ಎಂದರೆ ಎಷ್ಟು ಬೇಕು ಎಂದು ಹೇಳಬೇಕು. "ಅಲ್ತ್ರೊ?" ಎಂದರೆ ಮತ್ತೇನಾದರೂ ಬೇಕೋ ಎಂದು. "ಬಾಸ್ತಾ?" ಎಂದರೆ ಇಷ್ಟು ಸಾಕೋ ಎಂದು. ತಪ್ಪುಗಳೂ ಆದವು. ಗದಗಿನ ಸಂತೆಯ ರೂಢಿಯಂತೆ ಬೀನ್ಸಿನ ತುದಿ ಲಟಕ್ಕನೆ ಮುರಿದು ಎಳೆಯದೋ ಬಲಿತದ್ದೋ ನೋಡಿದರು. ನೆರೀನಾ ಇವರ ಮುಂಗೈಗೆ ಪಟ್ಟೆಂದು ಹೊಡೆದಳು, ಅಲ್ಲಿ ಗಿರಾಕಿ ಕಾಯಿಪಲ್ಲೆ ಮುಟ್ಟಬಾರದಂತೆ. ಬಂದು ಮುಂಗೈ ತೋರಿಸಿ ದೂರು ಹೇಳಿದರು, ಪೂರಾ ನಾಲ್ಕು ವಾಕ್ಯ. ನಾನು ಎಣಿಸಿದೆ.

ಹದಿನೈದನೆಯ ದಿನವೋ ಏನೋ, ಕೊತ್ತಂಬರಿ ಎಂದು ತಿಳಿದು ಅಂಥದೇ ಒಂದು ಸೊಪ್ಪು ಕೇಳಿ ತೂಗಿಸಿಕೊಂಡರು. ತೂಗಿ ಆಯಿತು, ಕೊಟ್ಟದ್ದೂ ಆಯಿತು. ಇವರು ಮಾತ್ರ ಚೀಲದ ಬಾಯಿ ತೆರೆದು ಹಿಡಿದು ಅಲ್ಲೇ ನಿಂತರು. ನೆರೀನಾ "ಅಲ್ತ್ರೊ?" ಎಂದಳು. ಇವರು ತಲೆ ಅಲ್ಲಾಡಿಸಿದರು. "ಬಾಸ್ತಾ?" ಎಂದಳು. ಅದಕ್ಕೂ ತಲೆ ಅಲ್ಲಾಡಿಸಿದರು. ಹಿಂದೆ ಐದಾರು ಜನರ ಸಾಲು ಬೆಳೆಯಿತು. ನನಗೆ ಮೇಲಿಂದಲೇ ತಿಳಿಯಿತು, ಈ ಮಹಾನುಭಾವರು ಕೊಸರಿಗೆ ಕಾಯುತ್ತಿದ್ದಾರೆ! ನಮ್ಮಲ್ಲಿ ತೂಕ ಮುಗಿದ ಮೇಲೆ ಕಾಯಿಪಲ್ಲೆಯವಳು ತಾನಾಗಿ ಒಂದು ಹಿಡಿ ಕರಿಬೇವೋ ಕೊತ್ತಂಬರಿಯೋ ಮೇಲೆ ಹಾಕುತ್ತಾಳಲ್ಲ, ಅದಕ್ಕೆ. ಕೇಳಿದ್ದಷ್ಟೇ ಉಳಿಯುವ ಊರಿನಲ್ಲಿ ಕೊಸರು ಎಲ್ಲಿಂದ ಬರಬೇಕು? ಕೊಟ್ಟರೂ ವಾಪಸು ಉರುಳುವುದೇ. "ಬರ್ರೀ ಮ್ಯಾಲೆ, ಮಾನ ಕಳೀಬ್ಯಾಡ್ರಿ" ಎಂದು ನಾನು ಕಿಟಕಿಯಿಂದ ಕೂಗಿದೆ.

ಇವರು ಬರಲಿಲ್ಲ. ಚೀಲ ಕೆಳಗಿಟ್ಟು, ಎರಡೂ ಅಂಗೈ ಕೂಡಿಸಿ ಬೊಗಸೆ ಮಾಡಿ, ನೆರೀನಾಳ ಮುಖ ನೋಡಿ ಹೇಳಿದರು. "ಕೊಸರು. ಪೆರ್ ಫವೋರೆ."

ಅವಳಿಗೆ ಆ ಶಬ್ದ ತಿಳಿಯಲಿಲ್ಲ. ಇವರು ತಕ್ಕಡಿ ತೋರಿಸಿ, ಇದು ಮುಗಿಯಿತು ಎಂದು ಕೈಮಾಡಿ, ಬೊಗಸೆಯನ್ನು ಮತ್ತೆ ಸ್ವಲ್ಪ ಮುಂದೆ ಚಾಚಿದರು. ನಗುತ್ತಿದ್ದರು. ನೆರೀನಾ ಅನುಮಾನಿಸುತ್ತ ನಾಲ್ಕು ಎಸಳು ತುಳಸಿಯಂಥ ಸೊಪ್ಪನ್ನು ಬೊಗಸೆಯಲ್ಲಿ ಇಟ್ಟಳು. ಇಡೀ ಸಾಲು ಕತ್ತು ಉದ್ದ ಮಾಡಿ ನೋಡಿತು. ಇವರು ಆ ಬೊಗಸೆ ಹಿಡಿದು ಚೌಕವನ್ನು ಒಂದು ಸುತ್ತು ಹಾಕಿ ಬಂದರು. ಎಸಳುಗಳು ಅಲ್ಲೇ ಇದ್ದವು. ನೆರೀನಾ ತಕ್ಕಡಿ ಬಿಟ್ಟು ಹೊರಗೆ ಓಡಿಬಂದು ಇವರ ಎರಡೂ ಕೆನ್ನೆಗೆ ಮುತ್ತು ಕೊಟ್ಟಳು. ನಾನು ಮೇಲೆ ಮಂಚದ ಮೇಲೆ ಕೂತು ನಕ್ಕು ನಕ್ಕು ಪ್ಲಾಸ್ಟರಿನ ಕಾಲಿಗೆ ನೋವು ಬಂತು. ಬೇಕಾದ್ದನ್ನು ಕೇಳಲು ಆ ಊರಿನ ಜನಕ್ಕೆ ಹುಟ್ಟಿನಿಂದ ಗೊತ್ತಿತ್ತು. ಬೇಕಾದ್ದಕ್ಕಿಂತ ಒಂದು ಹಿಡಿ ಹೆಚ್ಚನ್ನೂ ಕೇಳಬಹುದು ಎಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

"ಭಿಕ್ಷಾ ಕೇಳೋದು ಬ್ಯಾರೆ" ಎಂದು ಅವತ್ತು ಊಟದ ಹೊತ್ತಿಗೆ ಇವರು ಹೇಳಿದರು. ನಾನು ಕೇಳದೆಯೇ ಹೇಳಿದರು. "ಕೊಸರು ಕೇಳೋದು ಸಲಗಿ. ನಮ್ಮವರು ಅನಿಸಿದವರ ಮುಂದ ಅಷ್ಟ ಕೇಳಾಕ ಬರ್ತೈತಿ."

ವಾರದಲ್ಲಿ ಆ ಶಬ್ದ ಊರೆಲ್ಲ ಹರಡಿತು. ಮುಂಜಾನೆ ಸಂತೆಯಲ್ಲಿ ಮುದುಕಿಯರು "ಕೊಸರು, ಕೊಸರು" ಎನ್ನುವುದು ಕಿಟಕಿಗೆ ಕೇಳುತ್ತಿತ್ತು. ಬ್ರೆಡ್ಡಿನವನು ಒಂದು ತುಣುಕು ಹೆಚ್ಚು ಹಾಕತೊಡಗಿದ. ಕ್ಷೌರದವನು ಕೂದಲು ಕತ್ತರಿಸಿ ಮುಗಿದ ಮೇಲೆ ಗಾಳಿಯಲ್ಲಿ ನಾಲ್ಕು ಸಲ ಕತ್ತರಿ ಆಡಿಸುತ್ತಿದ್ದನಂತೆ. ಒಂದು ಮಧ್ಯಾಹ್ನ ಇಗರ್ಜಿಯ ಗಂಟೆ ಹನ್ನೆರಡು ಹೊಡೆದಾಗ ಕೆಳಗಿನಿಂದ ಯಾರೋ ಕೂಗಿದರು, ಗಂಟೆಯವನು ಹದಿಮೂರನೆಯದನ್ನೂ ಹೊಡೆದ. ಒರ್ಸೋಲಾ ನನ್ನ ಹತ್ತಿರ ಬಂದು ಸುಮ್ಮನೆ ಅರ್ಧ ಗಂಟೆ ಕೂರಲು ಕೊಸರು ಕೇಳಿದಳು. ಗಂಡ ಸತ್ತ ಮೇಲೆ ಅವಳಿಗೆ ಸಂಜೆಗಳು ಬಹಳ ಉದ್ದವಾಗಿದ್ದವು.

ಇಪ್ಪತ್ತೊಂದನೆಯ ದಿನ ಪ್ಲಾಸ್ಟರ್ ಬಿಚ್ಚಿದರು. ಕಾಲು ಬಿಳಿಚಿಕೊಂಡು ನನ್ನದಲ್ಲವೇನೋ ಎನ್ನುವ ಹಾಗಿತ್ತು. ಮೂರು ದಿನದಲ್ಲಿ ಕಾರು ಬರುತ್ತದೆಂದು ಪ್ರಮೋದ ಫೋನ್ ಮಾಡಿದ. ಅವತ್ತಿನಿಂದ ಇವರು ಮತ್ತೆ ಮೌನವಾದರು. ಎರಡು ದಿನ ಸಂಜೆಯ ಪಾಠಕ್ಕೂ ಬರಲಿಲ್ಲ. ಬೆಟ್ಟ ಇಳಿದರೆ ಊರಿನ ಕಾನೂನೂ ಇಳಿಯಿತು, ಮತ್ತೆ ಹುಬ್ಬು, ಮತ್ತೆ ಕೆಮ್ಮು ಎಂದುಕೊಂಡೆ. ಕೈಚೀಲ ತೆಗೆದು ಕೀಲಿಕೈಯನ್ನು ಮುಟ್ಟಿ ನೋಡಿದೆ. ಆದರೆ ಮೊದಲಿನ ಹಾಗೆ ಅದು ಕೈಗೆ ಹಗುರವಾಗಿರಲಿಲ್ಲ. ನನಗೆ ನಿಜಕ್ಕೂ ಹೋಗಲು ಮನಸ್ಸಿದೆಯೇ ಎಂದು ನನ್ನನ್ನೇ ಕೇಳಿಕೊಂಡೆ, ಕೀಲಿಕೈಯನ್ನು ಮತ್ತೆ ತಳಕ್ಕೇ ಇಟ್ಟೆ.

ಕಾರು ಬರುವ ಬೆಳಿಗ್ಗೆ ನಾನು ಮೇಜಿನ ಹಿಂದೆ ಕೂತು ಬಟ್ಟೆ ಮಡಿಚುತ್ತಿದ್ದೆ. ಇವರು ಸ್ನಾನ ಮಾಡಿ, ವಿಭೂತಿ ಹಚ್ಚಿ, ಇಸ್ತ್ರಿ ಅಂಗಿ ತೊಟ್ಟು ಬಂದು ಮೇಜಿನ ಆ ಕಡೆ ನಿಂತರು.

"ಬೊಂಜೋರ್ನೊ" ಎಂದರು.

ಕೊನೆಯ ಪಾಠವೆಂದು ತಿಳಿದು ನಾನೂ ಬೊಂಜೋರ್ನೊ ಎಂದೆ.

"ವೊರ್ರೇಯಿ..." ಎಂದು ಅಲ್ಲಿಗೇ ನಿಂತರು. ಮುಂದಿನ ಶಬ್ದ ಪ್ರಮೋದನ ಹಾಳೆಯಲ್ಲಿ ಇರಲಿಲ್ಲ. ಬೆರಳು ಮೇಲೆದ್ದು ನನ್ನ ಕಡೆ ತಿರುಗಿತು. ನಂತರ ಏನೋ ನೆನಪಾದವರಂತೆ ಆ ಬೆರಳನ್ನು ಮಡಿಚಿ ಕೈ ಇಳಿಸಿದರು. ಬಲಗೈ ಹೆಗಲಿಗೆ ಹೋಗುತ್ತದೆಂದು ನೋಡಿದೆ, ಹೋಗಲಿಲ್ಲ. ನನ್ನ ಮುಖ ನೋಡಿ ಕನ್ನಡದಲ್ಲಿ ಹೇಳಿದರು.

"ದಾಕ್ಷಾಯಣಿ, ಕೀಲಿಕೈ ನೋಡೀನಿ. ಕೆಂಪು ದಾರದ ಮ್ಯಾಲೆ ನೀಲಾಂಬಿಕಾನ ಮನೀದು ಅಂತ ಗೊತ್ತಾತು. ಅವತ್ತ ನಿಮ್ಮ ಮನಿಗೆ ಬಂದು ಹೆಣ್ಣು ಕೇಳಿದ್ದು ನಮ್ಮ ಸೋದರಮಾವ. ನಾ ಕಂಬಕ್ಕ ಆತ್ಕೊಂಡು ಕುಂತಿದ್ದೆ. ನಾ ಕೇಳೇ ಇಲ್ಲ. ಕೇಳದ ಇಟಗೊಂಡಿದ್ದು ಹೆಂಗ ಉಳೀತೈತಿ? ಅದಕ್ಕ ಈಗ ಕೇಳ್ತೀನಿ. ನೀ ನನ್ನ ಕೂಡ ಇರಬೇಕಾಗಿತ್ತು. ಕೊಡೂದು ಬಿಡೂದು ನಿನ್ನ ಕೈಯಾಗ ಐತಿ."

ಕೈಯಲ್ಲಿದ್ದ ಸೀರೆಯನ್ನು ಎಷ್ಟು ಸಲ ಮಡಿಚಿದೆನೋ ಏನೋ, ಅಂಗೈಯಷ್ಟು ಆಗಿತ್ತು. ಅಂಗಡಿಯವಳು ನಾನು. ಕೇಳಿದವರಿಗೆ ಉತ್ತರ ಕೊಡದೆ ನಿಲ್ಲಿಸಬಾರದು ಎಂದು ನಾನೇ ಕಲಿಸಿದ್ದೆ.

"ಕ್ವಾಂತೊ?" ಎಂದೆ. ಎಷ್ಟು?

"ಉಳದಷ್ಟು."

"ಚಾ ಬೇಕಂದ್ರ ಬಾಯಿ ಬಿಟ್ಟು ಕೇಳಬೇಕು. ವಾರದಾಗ ಮೂರು ದಿನ ನೀವ ಮಾಡಬೇಕು. ನಂಗೂ ಬೇಕಾಗಿತ್ತು ಅದು."

"ಆತು."

"ಅಲ್ತ್ರೊ?" ಎಂದೆ. ಮತ್ತೇನಾದರೂ?

ಇವರು ವಿಚಾರ ಮಾಡಿದರು. ಕೆಳಗೆ ಚೌಕದಲ್ಲಿ ಕಾರಿನ ಹಾರ್ನ್ ಕೇಳಿಸಿತು. ಇವರು ತಿರುಗಿ ನೋಡಲಿಲ್ಲ. ಎರಡೂ ಅಂಗೈ ಕೂಡಿಸಿ ಬೊಗಸೆ ಮಾಡಿ ಮೇಜಿನ ಮೇಲೆ ನನ್ನ ಕಡೆ ಚಾಚಿದರು.

"ಮ್ಯಾಲೊಂದೀಟು ಕೊಸರು" ಎಂದರು.

ನಾನು ಕೈಯನ್ನು ಆ ಬೊಗಸೆಯಲ್ಲಿ ಇಟ್ಟೆ. ಅದು ಅಲ್ಲೇ ಉಳಿಯಿತು.